ಹಾರ ಹಾಕಲು ಜಾಗವಿಲ್ಲದ ಪೆಟ್ಟಿಗೆ

ಆ ಮಳೆಗಾಲ ಪೂರ್ತಿ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಖವಾ ಮಷಿನಿನ ಸ್ವಿಚ್ಚನ್ನು ಲಟ್ಟಣಿಗೆಯಿಂದ ಒತ್ತುತ್ತಿದ್ದರು. ಚಪಾತಿ ಲಟ್ಟಿಸುವ ಅದೇ ಲಟ್ಟಣಿಗೆ. ಅದರ ತುದಿಯನ್ನು ಸೆರಗಿನಿಂದ ಒರೆಸಿ, ಒಂದು ಹೆಜ್ಜೆ ದೂರ ನಿಂತು, ಮುಖ ಆಚೆ ತಿರುಗಿಸಿ ಒತ್ತುವರು. ಮೋಟರು ಗುಂಯ್ ಎಂದ ಮೇಲೆಯೇ ಉಸಿರು ಬಿಡುವರು.

ಅಣ್ಣ, ವೈನಿ ಖಾನಾಪುರದಲ್ಲಿ ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಖವಾ ಮಾಡುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಎಮ್ಮೆ ಹಾಲು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಕುದಿದು ಬತ್ತಿ ಗಟ್ಟಿ ಖವಾ ಆಗಿ, ಕುಂದಾ ಮಾಡಲು ಬೆಳಗಾವಿಯ ಮಿಠಾಯಿ ಅಂಗಡಿಗಳಿಗೆ ಹೋಗುತ್ತದೆ. ದೊಡ್ಡ ಬಾಣಲೆಯನ್ನು ತಿರುಗಿಸುವುದು ಮೋಟರು. ಮೋಟರನ್ನು ನಡೆಸುವ, ಆ ಸ್ವಿಚ್ಚೂ ಇದ್ದ ಕರೆಂಟಿನ ಪೆಟ್ಟಿಗೆ ಗೋಡೆಯ ಮೇಲಿತ್ತು. ಕೆಲಸ ಮುಗಿದ ಮೇಲೆ ಇಡೀ ಶೆಡ್ಡನ್ನು ಸೋಡಾ ಹಾಕಿದ ಬಿಸಿನೀರಿನಿಂದ ತೊಳೆಯಲೇಬೇಕು. ಹಾಲು ಒಂದು ಸಂದಿಯಲ್ಲಿ ಉಳಿದರೂ ಮರುದಿನದ ಖವಾಕ್ಕೆ ಹುಳಿವಾಸನೆ ಹತ್ತುತ್ತದೆ. ತೊಳೆಯದಿದ್ದರೆ ಮಾಲು ಕೆಡುತ್ತಿತ್ತು, ತೊಳೆದರೆ ಆ ಪೆಟ್ಟಿಗೆ ಕೆಡುತ್ತಿತ್ತು. ಬಣ್ಣ ಎದ್ದು, ತುಕ್ಕು ಹಿಡಿದು, ಮೇಲಿನ ತಗಡಿನಲ್ಲಿ ಯಾವಾಗಲೂ ನೀರು ನಿಂತಿರುತ್ತಿತ್ತು.

ಮಳೆ ಶುರುವಾದ ಹೊಸದರಲ್ಲಿ ವೈನಿ ಒದ್ದೆ ಕೈಯಲ್ಲಿ ಅದರ ಬಾಗಿಲು ಮುಟ್ಟಿದರು. ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ಭುಜ ಉಳುಕಿತು, ಅಷ್ಟೇ.

ಅಷ್ಟೇ ಎಂಬ ಮಾತಿನ ಬೆಲೆ ನನಗೆ ಗೊತ್ತು. ನಾನು ಬೆಳಗಾವಿಯ ಒಂದು ಪತ್ರಿಕೆಯಲ್ಲಿ ಬಹಳ ವರ್ಷ ಜಿಲ್ಲೆಯ ಪುಟ ನೋಡುತ್ತಿದ್ದೆ. ‘ವಿದ್ಯುತ್ ತಗುಲಿ ಮಹಿಳೆ ಸಾವು’ ಎಂಬ ತಲೆಬರಹ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಒಂದು ಕಾಲಂ, ಎರಡು ಪ್ಯಾರಾ: ಹೆಸರು, ವಯಸ್ಸು, ಊರು, ಠಾಣೆ. ಅಣ್ಣ ಫೋನಿನಲ್ಲಿ ಹೇಳುತ್ತಿದ್ದಾಗಲೇ ಆ ಎರಡು ಪ್ಯಾರಾ ನನ್ನ ತಲೆಯಲ್ಲಿ ತಾವಾಗಿಯೇ ಜೋಡಿಸಿಕೊಂಡವು.

ವೈನಿ ತೀರ್ಮಾನ ಮಾಡಿಬಿಟ್ಟಿದ್ದರು. “ದೀಪಾವಳಿ ಆರ್ಡರ್ ಮುಗಸ್ತೀನಿ. ಆಮ್ಯಾಲ ಬಂದ್. ದಿನಾ ಮುಂಜಾನೆ ಯಮನ ಬಾಗಲಾ ಬಡದು ಮಷಿನ್ ಚಾಲೂ ಮಾಡೂದು ನನ್ನ ಕೈಲೆ ಆಗೂದಿಲ್ಲ.”

“ನಿನ್ನ ಕೈಲೆ ಎಲ್ಲೇ ಮಾಡ್ತಿ, ಲಟ್ಟಣಗೀಲೆ ಮಾಡ್ತಿ,” ಅಂದ ಅಣ್ಣ. ಅವನು ನಿವೃತ್ತ ವಿಜ್ಞಾನ ಮಾಸ್ತರ. ವೈನಿ ನಗಲಿಲ್ಲ. ಹಾಲು ಹಾಕುವ ಮನೆಗಳೂ ಕೆಲಸದ ಹೆಂಗಸರೂ ಇಷ್ಟು ವರ್ಷ ನಂಬಿದ್ದ ಶೆಡ್ಡು ಅದು. ಅದನ್ನು ಕಟ್ಟಿ ಬೆಳೆಸಿದವರೂ ವೈನಿಯೇ.

ನಮ್ಮ ಓಣಿಯಲ್ಲೇ ಬೆಳೆದ ಒಬ್ಬ ಇಂಜಿನಿಯರ್ ಬೆಳಗಾವಿ ಪಕ್ಕದ ಮಚ್ಛೆಯಲ್ಲಿ ಕರೆಂಟಿನ ಪೆಟ್ಟಿಗೆಗಳನ್ನು ಮಾಡುತ್ತಾಳೆ. ಔಷಧಿ, ಬಿಸ್ಕೀಟು, ಹಾಲು, ಹೀಗೆ ದಿನವೂ ನೀರು ಬಡಿಯುವ ಜಾಗಗಳಿಗೆ ಬೇಕಾದಂಥವು. ನಾನು ಕೇಳಿದ್ದಕ್ಕೆ ಖಾನಾಪುರಕ್ಕೆ ಬಂದಳು. ಬಂದವಳು ವೈರು ನೋಡಲಿಲ್ಲ. “ಕಾಕೂ, ದಿನಾ ಹ್ಯಾಂಗ ತೊಳೀತೀರಿ, ಹಂಗ ತೊಳದು ತೋರಸ್ರಿ,” ಎಂದು ಮೇನ್ ಸ್ವಿಚ್ ತೆಗೆಸಿ, ಸೀರೆ ಎತ್ತಿ ಕಟ್ಟಿ ಮೂಲೆಯಲ್ಲಿ ನಿಂತಳು. ಪೈಪಿನ ನೀರು ಎಲ್ಲಿಂದ ಎಲ್ಲಿಗೆ ಸಿಡಿಯುತ್ತದೆ ಎಂದು ನೋಡಿದಳು. ಆಮೇಲೆ ಪೆಟ್ಟಿಗೆಯ ನೆತ್ತಿ ನೋಡಿದಳು. ಅಲ್ಲಿ ಚಹಾದ ಕಪ್ಪು, ಯಾರದೋ ಬಾಚಣಿಕೆ, ಒಣಗಿದ ನಿಂಬೆಹಣ್ಣು, ಕುಂಕುಮದ ಭರಣಿ.

“ಇದು ಪ್ಯಾನೆಲ್ಲೋ, ಮನೀ ಮುಂದಿನ ಕಟ್ಟಿಯೋ?”

“ಅಲ್ಲೆ ಬೆಚ್ಚಗ ಇರತೈತಿ, ಚಹಾ ಆರೂದಿಲ್ಲ,” ಎಂದರು ವೈನಿ.

ಹೊಸ ಪೆಟ್ಟಿಗೆಗೆ ಅವಳು ನೆತ್ತಿಯನ್ನೇ ಕೊಡಲಿಲ್ಲ. ಹಂಚಿನ ಮನೆಯ ಸೂರಿನ ಹಾಗೆ ಮುಂದಕ್ಕೆ ಜಾರುವ ಚಾವಣಿ. ಇಟ್ಟದ್ದು ನಿಲ್ಲದು, ಬಿದ್ದ ನೀರೂ ನಿಲ್ಲದು. ಸ್ಟೇನ್‌ಲೆಸ್ ಸ್ಟೀಲು. ಮೂಲೆಗಳೆಲ್ಲ ಗುಂಡಗೆ, ಹಾಲಿನ ಕೊಳೆ ಕೂರಲು ಸಂದಿಯಿಲ್ಲ. ಹಿಂದೆಯೂ ತೊಳೆಯಲು ಬರಲಿ ಎಂದು ಗೋಡೆಯಿಂದ ಅಂಗೈ ಅಗಲ ದೂರ. ವೈರುಗಳು ಒಳಗೆ ಹೋಗುವುದು ಕೆಳಗಿನಿಂದ ಮಾತ್ರ. ಬಾಗಿಲಿನ ರಬ್ಬರು ಮಾತ್ರ ಅಚ್ಚ ನೀಲಿ. ಯಾಕೆ ಎಂದೆ.

“ಹರದು ಒಂದ ತುಣುಕು ಹಾಲಿನ್ಯಾಗ ಬಿತ್ತಂದ್ರ ಕಾಣಬೇಕಲ್ರಿ ಕಾಕಾ. ತಿನ್ನೂ ಪದಾರ್ಥದಾಗ ನೀಲಿ ಯಾವದೈತಿ ಹೇಳ್ರಿ?”

ಪೆಟ್ಟಿಗೆಯ ಪರೀಕ್ಷೆ ನೋಡಲು ಮಚ್ಛೆಗೆ ಹೋಗಿದ್ದೆ. ಒಳಗೆ ಒಂದು ದಿನಪತ್ರಿಕೆ ಹಾಸಿ, ಬಾಗಿಲು ಬಿಗಿದು, ಎಲ್ಲ ಕಡೆಯಿಂದ ಜೋರು ಪೈಪಿನಿಂದ ನೀರು ಬಿಟ್ಟರು. ಒಂದು ಹನಿ ಒಳಗೆ ಹೋದರೂ ಕಾಗದದ ಮೇಲೆ ಕಲೆ ಕಾಣುತ್ತದೆ. ತೆಗೆದಾಗ ಕಾಗದ ಗರಿಗರಿ ಇತ್ತು. “ನಿಮ್ಮ ಪೇಪರ್ ಖರೇ ಹೇಳೂದು ಇಲ್ಲೆ ಮಾತ್ರ ನೋಡ್ರಿ,” ಎಂದು ನಕ್ಕಳು. ನಲವತ್ತರ ಹತ್ತಿರ ಬಂದರೂ ನಾಲಿಗೆ ಓಣಿಯದ್ದೇ.

ನವರಾತ್ರಿ ಶುರುವಾಗುವ ಮೊದಲು ಪೆಟ್ಟಿಗೆ ಖಾನಾಪುರದಲ್ಲಿ ಕೂತಿತು. ಭೂಮಿಗೆ ಹೊಸ ಅರ್ಥ್ ವೈರು ಇಳಿಸಿದಳು. ಕರೆಂಟು ಎಲ್ಲಾದರೂ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುವ ಸ್ವಿಚ್ಚನ್ನು ಬೇರೆ ಕೋಣೆಯಲ್ಲಿ ಹಾಕಿ, ವೈನಿಗೆ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದಳು. ವೈನಿ ಎಲ್ಲಕ್ಕೂ ತಲೆಯಾಡಿಸಿದರು. ಮರುದಿನ ಮುಂಜಾನೆ ಲಟ್ಟಣಿಗೆ ತೆಗೆದುಕೊಂಡೇ ಬಂದರು.

“ಚಂದ ಐತವ್ವಾ, ಕನ್ನಡಿ ಇದ್ದಂಗ ಐತಿ. ಆದ್ರ ಹಳೇದೂ ಹೊಸಾದಿದ್ದಾಗ ಚಂದನ ಇತ್ತು.”

ಆಗ ಬಂದದ್ದು ಖಂಡೇನವಮಿ. ಆಯುಧಗಳಿಗೆ ಪೂಜೆ. ಬಾಣಲೆಗೆ ವಿಭೂತಿ, ಮೋಟರಿಗೆ ಕುಂಕುಮ, ತಕ್ಕಡಿಗೆ ಹೂವು. ಹೊಸ ಪೆಟ್ಟಿಗೆಗೆ ಎಲ್ಲಕ್ಕಿಂತ ದೊಡ್ಡ ಚೆಂಡುಹೂವಿನ ಹಾರ ತಂದಿದ್ದರು. ಇಟ್ಟರೆ ಜಾರುತ್ತದೆ, ಅಂಟಿಸಿದರೆ ಬೀಳುತ್ತದೆ. “ಹಾರ ಕುಠೇ ಘಾಲಾಯಚಾ, ಬಾಯೀ?” ಎಂದು ಕೆಲಸದ ಮಾವಶಿ ಮರಾಠಿಯಲ್ಲಿ ಮತ್ತೆ ಮತ್ತೆ ಕೇಳಿದಳು. ಹಾರ ಎಲ್ಲಿ ಹಾಕುವುದೆಂದು ವೈನಿಗೂ ತಿಳಿಯಲಿಲ್ಲ. ನಮ್ಮ ವಿಜ್ಞಾನ ಮಾಸ್ತರ ಪಕ್ಕದ ಮನೆಯಿಂದ ಡ್ರಿಲ್ ತಂದ. ಚಾವಣಿಯ ಎರಡು ತುದಿಗೆ ಎರಡು ತೂತು ಕೊರೆದು ಎರಡು ಕೊಂಡಿ ಬಿಗಿದ. ಹಾರ ಭರ್ಜರಿಯಾಗಿ ನಿಂತಿತು. ಅವನು ಅದರ ಫೋಟೋ ತೆಗೆದು ನನಗೂ ಕಳಿಸಿದ. ನಾನು ಹಾರವನ್ನಷ್ಟೇ ನೋಡಿದೆ.

ದಸರೆ ಮುಗಿದು ಮಷಿನು ಮತ್ತೆ ಶುರುವಾದ ದಿನ, ಖವಾ ಇಳಿಸಿ ವೈನಿ ಪೈಪು ಹಿಡಿದು ತೊಳೆಯುತ್ತಿದ್ದರು. ಪೆಟ್ಟಿಗೆಯ ಮೇಲೆ ನೀರು ಹಾಯಿಸಿದ್ದೇ ಪಕ್ಕದ ಕೋಣೆಯ ಹೊಸ ಸ್ವಿಚ್ಚು ಟಪ್ ಎಂದು ಬಿತ್ತು. ದೀಪಗಳು ಆರಿದವು. ವೈನಿ ನಿಂತಲ್ಲೇ ನಿಂತರು. ಒದ್ದೆ ಕಾಲು, ಒದ್ದೆ ನೆಲ, ಕೈಯಲ್ಲಿ ನೀರು ಸುರಿಯುವ ಪೈಪು. ಅವರಿಗೆ ಏನೂ ಆಗಲಿಲ್ಲ.

ಇಂಜಿನಿಯರ್ ಬರುವಾಗ ನನ್ನನ್ನೂ ಬೆಳಗಾವಿಯಿಂದ ಹತ್ತಿಸಿಕೊಂಡು ಬಂದಳು. ಬಾಗಿಲು ತೆರೆದಳು. ಒಳಗೆ, ಕೊಂಡಿಯ ನೇರ ಕೆಳಗೆ, ನೀರಿನ ಒಂದು ಗೆರೆ. ಅವಳು ತಲೆಯೆತ್ತಿ ಕೊಂಡಿಗಳನ್ನು ನೋಡಿದಳು, ಆಮೇಲೆ ಅಣ್ಣನನ್ನು.

“ಯಾರ್ರಿ ಇದು?”

ಅಣ್ಣ ಕೆಮ್ಮಿದ. “ಸಣ್ಣ ತೂತಾ...”

“ಮಾಸ್ತರ, ದೋಣಿಗೂ ಸಣ್ಣ ತೂತಾ ಸಾಕಾಗತೈತಿ!”

“ಅವ್ರಿಗೆ ಬೈಬ್ಯಾಡವಾ,” ಎಂದರು ವೈನಿ. “ನನ್ನ ಜೀವಾ ಕಾಯಾಕ ಬಂದದ್ದಕ್ಕ ಒಂದ ಹಾರ ಹಾಕಬಾರ್ದೇನು? ಬರೀ ಕೈಲೆ ಹ್ಯಾಂಗ ಬಿಡೂದು?”

ಅವಳ ಸಿಟ್ಟು ಅಲ್ಲಿಗೆ ಇಳಿಯಿತು. ಪೆಟ್ಟಿಗೆಯ ಇಳಿಜಾರಿನ ಮೇಲೆ ಕೈಯಾಡಿಸಿ, “ಹೌದ್ರಿ ಕಾಕೂ. ನೀರು ಎಲ್ಲೆ ಬೀಳತೈತಿ ನೋಡಿದೆ, ಹಾರ ಎಲ್ಲೆ ಬೀಳತೈತಿ ನೋಡಲಿಲ್ಲ,” ಎಂದಳು. ಮೇಲಿನ ಭಾಗವನ್ನು ಮಚ್ಛೆಗೆ ಒಯ್ದು, ತೂತುಗಳನ್ನು ವೆಲ್ಡ್ ಮಾಡಿಸಿ, ಉಜ್ಜಿ ನುಣುಪು ಮಾಡಿಸಿದಳು. ವಾಪಸು ತಂದು ಕೂಡಿಸಿ, ಕರೆಂಟು ಬಿಡುವ ಮೊದಲು ಅಲ್ಲೇ ಮತ್ತೆ ಪತ್ರಿಕೆ ಹಾಸಿ ನೀರು ಬಿಟ್ಟಳು. ಕಾಗದ ಒಣಗಿಯೇ ಇತ್ತು. ಜೊತೆಗೆ ಬಗ್ಗಿಸಿದ ಸ್ಟೀಲ್ ಸರಳಿನ ಒಂದು ಚೌಕಟ್ಟು ತಂದಿದ್ದಳು. ಕುದುರೆಗೆ ತಡಿ ಹಾಕಿದಂತೆ ಅದನ್ನು ಪೆಟ್ಟಿಗೆಯ ಮೇಲಿಂದ ಕೂಡಿಸಬಹುದು, ಹಾರ ಅದಕ್ಕೆ ಕಟ್ಟಬಹುದು. ಪೂಜೆ ಮುಗಿದ ಮೇಲೆ ತೆಗೆದು ದೇವರ ಮನೆಯಲ್ಲಿ ಇಡಬಹುದು. ಈಗ ಮಚ್ಛೆಯ ಅವಳ ಶೆಡ್ಡಿನಿಂದ ಹೊರಡುವ ಇಂಥ ಪೆಟ್ಟಿಗೆಗಳ ಜೊತೆಗೆಲ್ಲ ಅದೊಂದು ಹೋಗುತ್ತದೆ. ಬೇರೆ ರಾಜ್ಯದವರು ಇದೇನು ಎಂದು ಕೇಳುತ್ತಾರಂತೆ.

ವೈನಿ ಅವಳ ಕೈಗೆ ದಸರೆಯಲ್ಲಿ ಬಂಗಾರವೆಂದು ಹಂಚಿ ಉಳಿಸಿಟ್ಟ ಬನ್ನಿ ಎಲೆ ಕೊಟ್ಟು, “ಬಂಗಾರಧಂಗ ಇರವಾ,” ಎಂದರು.

“ಬಂಗಾರ ಬ್ಯಾಡ ಕಾಕೂ, ಕಳ್ಳರ ಕಾಟ. ಸ್ಟೀಲಿನಂಗ ಇದ್ರ ಸಾಕು.”

ಆಮೇಲೆ ಮಷಿನು ಶುರು ಮಾಡಬೇಕಿತ್ತು. ಮಾವಶಿ ರೂಢಿಯಂತೆ ಲಟ್ಟಣಿಗೆ ತಂದು ಚಾಚಿದಳು. ವೈನಿ ಅದನ್ನು ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಕೈ ಒರೆಸಿ, ಪೆಟ್ಟಿಗೆಯ ಎದುರು ನೇರ ನಿಂತು, ಹಸಿರು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ನಾವೆಲ್ಲ ಆ ಹೆಬ್ಬೆರಳನ್ನೇ ನೋಡುತ್ತಿದ್ದೆವು.

“ಏನ ನೋಡಾಕತ್ತೀರಿ? ನೀರು ಒಳಗ ಹೋದ್ರೂ ನನ್ನ ಕಾದೈತಿ ಅದು. ಚಲೋ ಇದ್ದಾಗ ಎಲ್ಲಾರೂ ಚಲೋನ ಇರ್ತಾರ. ಕೆಟ್ಟಾಗ ಹ್ಯಾಂಗ ಇರ್ತಾರ ಅದನ್ನ ನೋಡಬೇಕು.”

ದೀಪಾವಳಿಯ ಆರ್ಡರ್ ಹೋಯಿತು. ಶೆಡ್ಡು ಬಂದ್ ಆಗಲಿಲ್ಲ. ನಾನು ಈಗಲೂ ಮಳೆಗಾಲದಲ್ಲಿ ಆ ಒಂದು ಕಾಲಂ ಸುದ್ದಿಗಳನ್ನು ಮೊದಲು ಓದುತ್ತೇನೆ. ನಮ್ಮ ಮನೆಯ ಹೆಸರು ಅಲ್ಲಿ ಬರದೇ ಇದ್ದದ್ದಕ್ಕೆ ಕಾರಣ ಏನೇನು ಎಂದು ನನಗೆ ತಿಳಿದಿದೆ: ಒಂದು ಇಳಿಜಾರು, ಒಂದು ನೀಲಿ ರಬ್ಬರು, ಭೂಮಿಗಿಳಿದ ಒಂದು ವೈರು, ತಪ್ಪು ತನ್ನದೂ ಹೌದು ಎಂದ ಒಬ್ಬಳು. ಇವು ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ.

ವೈನಿ ಹೆಬ್ಬೆರಳಿನಿಂದ ಗುಂಡಿ ಒತ್ತಿದ ಆ ದಿನ ಮಧ್ಯಾಹ್ನದ ಊಟ ಖಾನಾಪುರದಲ್ಲೇ ಆಯಿತು. ಸ್ವಿಚ್ಚು ಒತ್ತಿ ಒತ್ತಿ ಲಟ್ಟಣಿಗೆಯ ತುದಿ ಚಪ್ಪಟೆಯಾಗಿತ್ತು. ಚಪಾತಿಗಳು ಒಂದು ಬದಿ ತುಸು ದಪ್ಪಗೆ ಬಂದವು. ಅಣ್ಣ ಏನೋ ಅನ್ನಲು ಬಾಯಿ ತೆರೆದವನು, ವೈನಿಯ ಮುಖ ನೋಡಿ, ಇನ್ನೊಂದು ಹಾಕಿಸಿಕೊಂಡ.