ತಟ್ಟೆ ತೊಳೆಯುವ ಕೆಲಸ

ನನ್ನ ಅಂಕಣದಿಂದ ಒಬ್ಬ ಹೆಂಗಸಿನ ಕೆಲಸ ಹೋಗಿದೆ. ಉತ್ಪ್ರೇಕ್ಷೆಯಲ್ಲ.

ಕಳೆದ ಭಾನುವಾರ ನಮ್ಮ ನೌಪಾಡಾ ಬಡಾವಣೆಯ ಶೆಟ್ಟರ ಹೋಟೆಲಿಗೆ ಹೋಗಿದ್ದೆ. ಮಸಾಲೆ ದೋಸೆ ಸ್ಟೀಲ್ ತಟ್ಟೆಯ ಬದಲು ಕಾಗದದ ತಟ್ಟೆಯಲ್ಲಿ ಬಂತು. ಗಲ್ಲಾದ ಹಿಂದಿನ ಗೋಡೆಯ ಮೇಲೆ ನನ್ನದೇ ಅಂಕಣದ ಕಟಿಂಗ್. ಕಡಿಮೆ ನೀರು ಬಳಸುವ ಹೋಟೆಲುಗಳಿಗೆ ನೀರಿನ ಬಿಲ್ಲಿನಲ್ಲಿ ರಿಯಾಯಿತಿ ಎಂಬ ನಗರಪಾಲಿಕೆಯ ಹೊಸ ಯೋಜನೆಯನ್ನು ಬಾಯ್ತುಂಬ ಹೊಗಳಿದ್ದೆನಲ್ಲ, ಅದು. (ಉಬ್ಬಿಹೋದೆ. ಸುಳ್ಳೇಕೆ ಹೇಳಲಿ?)

"ನೀವು ಬರ್ದದ್ದು ಓದಿಯೇ ತಟ್ಟೆ ಬದಲ್ಸಿದ್ದು ಮಾರಾಯ್ರೆ," ಎಂದರು ಶೆಟ್ಟರು. "ವಾರಕ್ಕೊಂದು ದಿನ ನೀರ್ ಕಟ್. ಟ್ಯಾಂಕರಿನವ ಹೇಳಿದ್ದೇ ರೇಟು. ಈಗ ಸ್ವಲ್ಪ ಉಸಿರಾಡ್ಲಿಕ್ಕೆ ಆಗ್ತದೆ."

"ಮತ್ತೆ ನಾಗವ್ವ?"

ವಿಜಯಪುರದ ಕಡೆಯ ನಾಗವ್ವ ಹದಿನಾಲ್ಕು ವರ್ಷ ಅಲ್ಲಿ ತಟ್ಟೆ ತೊಳೆದವಳು. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಕಲ್ಯಾಣದಿಂದ ಬರುತ್ತಿದ್ದಳು.

ಶೆಟ್ಟರು ನನ್ನ ಮುಖ ನೋಡಲಿಲ್ಲ. "ತಟ್ಟೆಯೇ ಇಲ್ಲದ ಮೇಲೆ ಎಂತ ತೊಳೆಸುದು?"

ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ಹೊರಬಂದು ಹಿಂದಿನ ಗಲ್ಲಿಗೆ ತಿರುಗಿದರೆ ಹಿಂಬಾಗಿಲಲ್ಲಿ ನಾಗವ್ವನೇ ನಿಂತಿದ್ದಾಳೆ. ಬೇರೆ ಏನಾದರೂ ಕೆಲಸ ಸಿಕ್ಕೀತೇ ಎಂದು ವಾರಕ್ಕೆರಡು ಸಲ ಬಂದು ಕೇಳುತ್ತಾಳಂತೆ. ಮಗಳು ನರ್ಸಿಂಗ್ ಎರಡನೇ ವರ್ಷ. ಹೀಗೇ ಆದರೆ ದೀಪಾವಳಿಯೊಳಗೆ ಕಾಲೇಜು ಬಿಡಿಸಬೇಕಂತೆ.

ಆ ಅಂಕಣ ಬರೆದವನು ನಾನೇ ಎಂದು ಒಪ್ಪಿಕೊಂಡೆ. ಬೈದಿದ್ದರೆ ವಾಸಿಯಿತ್ತು.

"ನೀರ ಉಳಸಬ್ಯಾಡ್ರಿ ಅಂತ ನಾ ಎಲ್ಲಿ ಅಂದೇನ್ರಿ ಸರ?" ಎಂದಳು. "ನಾ ಕೊಡ ಹೊತ್ತು ಬೆಳದಾಕಿ. ನಾಕ ಕೊಡ ನೀರಾಗ ಮದಿವಿ ಮನಿ ಭಾಂಡೆ ತೊಳದೇನಿ. ಇಲ್ಲಿ ನಳ ಬಿಟ್ಟ ತೊಳಿ ಅಂದ್ರು, ತೊಳದ್ನಿ. ನೆನಸಾಕ, ತಿಕ್ಕಾಕ, ತೊಳ್ಯಾಕ ಅಂತ ಮೂರು ಟಬ್ ತಂದು ಕೊಟ್ಟಿದ್ರ ಅರ್ಧಾ ನೀರಾಗ ಮುಗಸ್ತಿದ್ನಿ."

ಯೋಜನೆ ತಪ್ಪೇ? ಅಲ್ಲ. ವಾರಕ್ಕೊಮ್ಮೆ ನಲ್ಲಿ ಒಣಗುವ ಊರಲ್ಲಿ ನೀರು ಉಳಿಯಲೇಬೇಕು. ಆದರೆ ಉಳಿತಾಯ ಯಾರ ಪಾಲಿಗೆ ಬಂತು ನೋಡಿ. ಶೆಟ್ಟರಿಗೆ ರಿಯಾಯಿತಿ. ಕಾಗದದ ತಟ್ಟೆ ಮಾರುವವನಿಗೆ ಭರ್ಜರಿ ದಂಧೆ. ನನಗೂ ಗೋಡೆಯ ಮೇಲೆ ಒಂದಿಷ್ಟು ಜಾಗ! ಅದರ ಖರ್ಚು ಮಾತ್ರ ಪೂರ್ತಿ ಒಬ್ಬಳ ತಲೆಗೆ. ನನಗೆ ನಾಚಿಕೆಯಾಗಿದೆ, ಅದನ್ನು ಇಲ್ಲೇ ಹೇಳಬೇಕು.

ಯೋಜನೆ ಮಾಡಿದವರು ತಜ್ಞರನ್ನು ಕೇಳಿದರು, ಶೆಟ್ಟರು ನನ್ನನ್ನು ನಂಬಿದರು. ನೀರಿನ ಬೆಲೆ ನಿಜಕ್ಕೂ ಗೊತ್ತಿದ್ದವಳನ್ನು ಮನೆಗೆ ಕಳಿಸುವ ಮೊದಲು ನಮ್ಮಲ್ಲಿ ಒಬ್ಬರಾದರೂ ಒಂದು ಮಾತು ಕೇಳಬಾರದಿತ್ತೇ?