ನೂರು ಜಾಗ

ಮೇಷ್ಟ್ರ ಬಲಗೈ ಹೆಬ್ಬೆರಳು ಯಾವಾಗಲೂ ಕಡುಗೆಂಪು. ಲ್ಯಾಬಿನ ಗಾಜಿನ ಸ್ಲೈಡಿಗೆ ಹಾಕುವ ಬಣ್ಣ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ಎಷ್ಟು ಸೋಪು ಉಜ್ಜಿದರೂ ಹೋಗುತ್ತಿರಲಿಲ್ಲ. "ಮದ್ವೆ ದಿನಾನೂ ಇಂಗೇ ಇತ್ತು ಕಣಮ್ಮ. ಮಾವನೋರು ಎಲಡಿಕೆ ಅಂದ್ಕೊಂಡ್ರು" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಲ್ಯಾಬ್ ಕೋರ್ಸ್ ಓದುತ್ತಿದ್ದ ನನ್ನನ್ನು ಕ್ಷಯರೋಗದ ಒಂದು ಅಧ್ಯಯನಕ್ಕೆಂದು ತಿ. ನರಸೀಪುರದ ಕಡೆಯ ಸಣ್ಣ ಆಸ್ಪತ್ರೆಯೊಂದಕ್ಕೆ ಹಾಕಿದ್ದರು. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಮೇಷ್ಟ್ರು ಅಲ್ಲಿನ ಲ್ಯಾಬ್ ಟೆಕ್ನಿಷಿಯನ್. ರೋಗಿಗಳ ಬಾಯಲ್ಲಿ ಕಫದ ಮೇಷ್ಟ್ರು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಪರೀಕ್ಷೆಗೆ ಕಫ ಬೇಕೆಂದು ಡಬ್ಬಿ ಕೊಟ್ಟರೆ ಜನ ಎಂಜಲು ಉಗಿದು ತರುತ್ತಿದ್ದರು. ಮೇಷ್ಟ್ರು ಬೈಯುತ್ತಿರಲಿಲ್ಲ. ಹೊಂಗೆಮರದ ಕೆಳಗೆ ನಿಲ್ಲಿಸಿ, ಬೆನ್ನ ಮೇಲೆ ಕೈಯಿಟ್ಟು, "ಎಂಜ್ಲು ಬ್ಯಾಡ ಕಣವ್ವಾ, ಎದೆ ಒಳಗಿಂದ ತಗಿ" ಎಂದು ತಾವೇ ಕೆಮ್ಮಿ ತೋರಿಸುತ್ತಿದ್ದರು. ವರ್ಷಗಟ್ಟಲೆ ಹಾಗೆ ಮುಖಕ್ಕೆ ಮುಖ ಕೊಟ್ಟು ನಿಂತರೆ ಏನಾಗಬಹುದೆಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ನನಗೆ ಕಲಿಸಿದ್ದು ಒಂದೇ ಪಾಠ. ಮೈಕ್ರೋಸ್ಕೋಪಿನಲ್ಲಿ ರೋಗಾಣು ಕೆಂಪು ಕಡ್ಡಿಯ ಹಾಗೆ ಕಾಣುತ್ತದೆ. "ಒಂದು ಸ್ಲೈಡಲ್ಲಿ ನೂರು ಜಾಗ ನೋಡು. ಆಗ್ಲೂ ಕಡ್ಡಿ ಕಾಣ್ದಿದ್ರೆ ಬರಿ, ಇಲ್ಲ ಅಂತ."

ಒಂದು ಸಂಜೆ ನಾಲ್ಕೂವರೆ ಬಸ್ಸಿಗೆ ಹೊತ್ತಾಗಿತ್ತು. ಕೊನೆಯ ಸ್ಲೈಡು. ಮೂವತ್ತು ಜಾಗ ನೋಡಿ, 'ಇಲ್ಲ' ಎಂದು ಬರೆದು ಓಡಿದೆ. ಅಧ್ಯಯನದ ಸ್ಲೈಡುಗಳಿಗೆ ಹೆಸರಿರಲಿಲ್ಲ, ನಂಬರು ಮಾತ್ರ.

ಆ ನಂಬರು ಮೇಷ್ಟ್ರದೇ ಎಂದು ತಿಳಿದದ್ದು ನಾಲ್ಕು ತಿಂಗಳ ಮೇಲೆ, ಅವರು ರಕ್ತ ಕೆಮ್ಮಿದಾಗ. ತಮ್ಮದನ್ನು ತಾವೇ ನೋಡಿಕೊಂಡರೆ ಕಣ್ಣು ಸುಳ್ಳು ಹೇಳುತ್ತದೆಂದು ಅಧ್ಯಯನದ ಸ್ಲೈಡುಗಳ ನಡುವೆ ಸೇರಿಸಿ ನನ್ನ ಕೈಗೆ ಬಿಟ್ಟಿದ್ದರಂತೆ. ನಾನು ಬರೆದದ್ದನ್ನು ನಂಬಿ ಕೆಮ್ಮಿನ ಸಿರಪ್ಪು ಕುಡಿದುಕೊಂಡಿದ್ದರು. ಎತ್ತಿಟ್ಟಿದ್ದ ಹಳೆಯ ಸ್ಲೈಡನ್ನು ತೆಗೆದು ಇಬ್ಬರೂ ನೋಡಿದೆವು. ನಲವತ್ತನೆಯ ಜಾಗದಲ್ಲೇ ಕೆಂಪು ಕಡ್ಡಿ ಇತ್ತು.

ಅವರು ತಲೆಯೆತ್ತದೆ, "ಎಷ್ಟು ನೋಡಿದ್ದೆ?" ಎಂದರು.

"ಮೂವತ್ತು, ಸಾರ್."

ಸ್ಲೈಡು ತೆಗೆದು ಡಬ್ಬಿಗೆ ಹಾಕಿದರು. "ಓಗ್ಲಿ ಬುಡು. ಸದ್ಯ, ನಂದೇ ಆಯ್ತಲ್ಲ. ಬ್ಯಾರೆಯೋರ್ದಾಗಿದ್ರೆ ಏನ್ಮಾಡ್ತಿದ್ದೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ಇಷ್ಟು ವರ್ಷವಾದರೂ ತಡೆದುಕೊಳ್ಳಲು ಆಗಿಲ್ಲ.

ಮಾತ್ರೆ ಶುರುವಾಯಿತು. ಆದರೆ ಶ್ವಾಸಕೋಶ ಅಷ್ಟರಲ್ಲಿ ಸೋತಿತ್ತು. ಎರಡನೇ ತಿಂಗಳಿಗೇ ಹೋಗಿಬಿಟ್ಟರು.

ಹನ್ನೊಂದನೇ ದಿನದ ಕಾರ್ಯಕ್ಕೆ ಹದಿನಾರು ಎಂಬ ಊರಿನ ಅವರ ಮನೆಗೆ ಹೋದೆ. ನಡೆದದ್ದನ್ನು ಮೇಷ್ಟ್ರು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಮೊದ್ಲೇ ಗೊತ್ತಾಗಿದ್ರೆ ಉಳ್ಕೋತಿದ್ರಾ ಮಗಾ? ನೀನು ಓದ್ದೋಳು, ನಿಜ ಏಳು" ಎಂದು ಕೇಳಿದರು.

"ಇಲ್ಲ ಕಣಕ್ಕ" ಎಂದೆ.

ಆಕೆಯ ಮುಖದಲ್ಲಿ ಅಷ್ಟು ದಿನಕ್ಕೆ ಒಂದಿಷ್ಟು ನೆಮ್ಮದಿ ಬಂತು. ಹಸಿದುಕೊಂಡು ಹೋಗಬೇಡವೆಂದು ಕೂರಿಸಿ, ತಾವೇ ಎಲೆ ಹಾಕಿ ಬಡಿಸಿದರು. ಊಟ ಮಾಡಿಕೊಂಡು ಬಂದೆ.