ಡ್ರಾಫ್ಟಿನಲ್ಲಿ ಕೇಳಿದ ಪ್ರಸಾದ

ನಮ್ಮೂರಿನ ಫುಟ್‌ಬಾಲ್ ತಂಡದ ಮೇಲೆ ನನಗಿರುವಷ್ಟು ಸಿಟ್ಟು ನನ್ನ ಮ್ಯಾನೇಜರ್ ಮೇಲೂ ಇಲ್ಲ. ಪ್ರತಿವರ್ಷ ಆಸೆ ಹುಟ್ಟಿಸಿ ಕೈಕೊಡುವುದೇ ಅದರ ಕಸುಬು. ಹಾಗಂತ ಬಿಟ್ಟುಬಿಡಲಿಕ್ಕಾಗುತ್ತದೆಯೇ? ಅಮೆರಿಕಕ್ಕೆ ಬಂದು ಟೆಕ್ಸಸ್ಸಿನ ಪ್ಲೇನೋದಲ್ಲಿ ಮನೆ ಮಾಡಿದ ಮೇಲೆ ಡಲ್ಲಾಸಿನ ತಂಡ ನಮ್ಮದೇ.

ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್. ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನು ವೃತ್ತಿಪರ ತಂಡಗಳು ಮೂರು ದಿನ, ಸುತ್ತಿನ ಮೇಲೆ ಸುತ್ತು, ಸರದಿಯಂತೆ ಆರಿಸಿಕೊಳ್ಳುತ್ತವೆ. ನಮ್ಮ ತಂಡ ಮೊದಲು ಯಾರನ್ನು ಆರಿಸುತ್ತದೆ ಎಂದು ಊಹಿಸುವುದು ನನ್ನ ಮತ್ತು ಮಗಳ ಆಟ; ಅವಳಿಗೆ ಎಂಟು ವರ್ಷವಾದಾಗಿನಿಂದ ನಡೆದಿದೆ. ಇಬ್ಬರೂ ಚೀಟಿಯಲ್ಲಿ ಒಂದೊಂದು ಹೆಸರು ಬರೆದು, ಕವರಿಗೆ ಹಾಕಿ, ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಹಿಂದೆ ಇಡುತ್ತೇವೆ. ಆ ದಿನ ನನ್ನ ಹೆಂಡತಿ ಒಡೆದು ಓದುತ್ತಾಳೆ.

ನನ್ನ ಸೂತ್ರ ಒಂದೇ. ಈ ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದ ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್; ತಂಡಕ್ಕೆ ಒಬ್ಬ ಸಾಕು. ಅವನ ಮುಂದೆ ನಿಂತು ಅವನನ್ನು ಕಾಯುವ ದಢೂತಿ ಹುಡುಗರಿರುತ್ತಾರಲ್ಲ, ಅವರಲ್ಲೊಬ್ಬನ ಹೆಸರು ಬರೆಯುವುದು. ಮನೆಗೆ ಮೊದಲು ಗೋಡೆ, ಆಮೇಲೆ ಬಣ್ಣ. "ಅಪ್ಪಾ, ಸೋ ಬೋರಿಂಗ್!" ಎಂದು ಮಗಳು ಕಣ್ಣು ಹೊರಳಿಸುತ್ತಿದ್ದಳು. ಬೋರಿಂಗೋ ಏನೋ, ಸತತ ಮೂರು ವರ್ಷ ನನ್ನ ಚೀಟಿಯೇ ಸರಿಯಾಗಿತ್ತು.

ಈ ವರ್ಷ ಅವಳಿಗೆ ಹನ್ನೆರಡನೇ ಕ್ಲಾಸು. ಕಾರಿನಲ್ಲಿ ಮೂರೂವರೆ ಗಂಟೆ ದೂರದ ಆಸ್ಟಿನ್‌ನಲ್ಲೂ ಸೀಟು ಸಿಕ್ಕಿತು, ಮನೆಯ ಹತ್ತಿರದ ಕಾಲೇಜಿನಲ್ಲೂ ಸಿಕ್ಕಿತು. ಮೇ ಒಂದರೊಳಗೆ ತೀರ್ಮಾನ ತಿಳಿಸಬೇಕು. ಅವಳಿಗೆ ಆಸ್ಟಿನ್ನೇ ಬೇಕು. ನಾನು ಬೇಡವೆಂದೆ. ಊಟ ಸರಿಹೋಗಲ್ಲ, ಹೈವೇ ಸರಿಯಿಲ್ಲ, ರೂಮ್‌ಮೇಟ್ ಹೇಗಿರುತ್ತಾಳೋ ಎಂದು ನೂರೆಂಟು ನೆಪ ಹೇಳಿದೆ. ನಿಜವಾದ ಕಾರಣ ಹೇಳಲು ನಾಚಿಕೆ: ಭಾನುವಾರ ಸೋಫಾದ ಆ ತುದಿಯಲ್ಲಿ ಕೂತು ನನ್ನ ಜೊತೆ ರೆಫರಿಗೆ ಬೈಯುವವರು ಯಾರು? ಮಾತಿಗೆ ಮಾತು ಬೆಳೆದು, ಸಿಟ್ಟಿನ ಭರದಲ್ಲಿ ಬಾಯಿಬಿಟ್ಟೆ: "ಈ ಸಲ ನನ್ನ ಊಹೆ ತಪ್ಪಾದ್ರೆ ಆಸ್ಟಿನ್‌ಗೆ ಹೋಗು. ಸರಿಯಾದ್ರೆ ಮನೇಲಿರು. ಮುಗೀತು!"

"ಫೈನ್," ಎಂದಳು. ಅವಳ ರೂಮಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

"ಮಗಳ ಓದನ್ನ ಆ ಚೆಂಡಾಡೋರ ಕೈಗೆ ಕೊಟ್ರಲ್ಲ, ಬುದ್ಧಿ ನೆಟ್ಟಗಿದೆಯಾ ನಿಮಗೆ?" ಎಂದಳು ಹೆಂಡತಿ.

ಎರಡು ದಿನ ಕಳೆದು ನೋಡಿದರೆ, ಮಗಳು ಊಟದ ಟೇಬಲ್ ಮೇಲೆ ಹತ್ತಿರದ ಕಾಲೇಜಿನ ಫಾರ್ಮ್ ತುಂಬುತ್ತಿದ್ದಾಳೆ. "ಇಷ್ಟು ಬೇಗ ಯಾಕೆ?" ಎಂದೆ. "ಯು ಆಲ್ವೇಸ್ ಗೆಟ್ ಇಟ್ ರೈಟ್," ಎಂದಳು, ತಲೆಯನ್ನೂ ಎತ್ತದೆ. ಉಪ್ಪಿಟ್ಟಿಗೆ ಸಕ್ಕರೆಯೋ ಚಟ್ನಿಯೋ ಎಂಬುದಕ್ಕೂ ನನ್ನೊಡನೆ ಜಗಳಕ್ಕೆ ನಿಲ್ಲುವವಳು ವಾದವನ್ನೇ ಬಿಟ್ಟುಬಿಟ್ಟಿದ್ದಳು. ಹೀಗೆ ಗೆಲ್ಲುವುದು ನನಗೆ ಬೇಕಿರಲಿಲ್ಲ.

ಆಗಲೇ "ಹೋಗಮ್ಮ" ಎಂದುಬಿಡಬಹುದಿತ್ತು. ಆದರೆ ಆಡಿದ ಮಾತನ್ನು ನುಂಗುವುದು ನಮ್ಮ ವಂಶದಲ್ಲೇ ಇಲ್ಲ. ಮೈಸೂರಿನಲ್ಲಿ ನನ್ನಮ್ಮ ಯಾವುದಕ್ಕೂ ದೇವರ ಹತ್ತಿರ ಪ್ರಸಾದ ಕೇಳುತ್ತಿದ್ದಳು. ವಿಗ್ರಹದ ಎರಡೂ ಬದಿಗೆ ಹೂವಿಟ್ಟು ಕೈಮುಗಿದು ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ತನಗೆ ಇಷ್ಟವಿದ್ದ ಕೆಲಸವಾದರೆ ಬಲಗಡೆಯ ಹೂವನ್ನು ಬೀಳುವ ಹಾಗೇ ಇಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಬಿದ್ದ ತಕ್ಷಣ, "ನಾನೇನು ಮಾಡ್ಲಿ, ದೇವರೇ ಹೇಳಿಬಿಟ್ಟ," ಎನ್ನುವಳು.

ನಾನೂ ಅದನ್ನೇ ಮಾಡಿದೆ. ನಮ್ಮ ತಂಡದಲ್ಲಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದಾನೆ, ವಯಸ್ಸೂ ಚಿಕ್ಕದು. ತಲೆ ಸರಿಯಿದ್ದವರು ಯಾರೂ ಇನ್ನೊಬ್ಬನನ್ನು ತರುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಹೆಸರನ್ನೇ ಬರೆದು ಗೂಡಿನಲ್ಲಿಟ್ಟೆ.

ಡ್ರಾಫ್ಟಿನ ಮೊದಲ ಸಂಜೆ ಹತ್ತಿರದ ಲಿಟಲ್ ಎಲ್ಮ್ ಊರಿನಿಂದ ನನ್ನ ಧಾರವಾಡದ ಗೆಳೆಯ ಗಿರ್ಮಿಟ್ ಡಬ್ಬಿ ಹಿಡಿದು ಬಂದ. ನಮ್ಮ ತಂಡದ ಸರದಿ ಬಂತು. ವೇದಿಕೆಯ ಮೇಲಿನವನು ಹೆಸರು ಓದಿದ. ಕ್ವಾರ್ಟರ್‌ಬ್ಯಾಕ್. ನಾನು ಬರೆದಿದ್ದವನೇ!

"ಹುಚ್ಚ ಹಿಡದದೇನ್ರಿ ಇವರಿಗೆ!" ಎಂದು ಗೆಳೆಯ ಕೂಗಿದ. ಹೆಂಡತಿ ಕವರುಗಳನ್ನು ಒಡೆದಳು. ಮಗಳದು ತಪ್ಪು. ನನ್ನದನ್ನು ಓದಿ ನನ್ನ ಮುಖವನ್ನೇ ನೋಡುತ್ತ, "ನಿಮ್ಮದು ಸರಿಯಾಗಿದೆ," ಎಂದಳು.

"ಭಲೇ! ನಾಕನೇ ವರ್ಷ ಬಿಡ್ರಿ!" ಎಂದು ಗೆಳೆಯ ಚಪ್ಪಾಳೆ ತಟ್ಟಿದ. ಅವನ ಗಿರ್ಮಿಟ್ಟನ್ನು ಅವನ ಬಾಯಿಗೇ ತುರುಕಬೇಕೆನಿಸಿತು.

ಮಗಳು ಅಮ್ಮನ ಕೈಯಿಂದ ಚೀಟಿ ತೆಗೆದುಕೊಂಡು ಎರಡು ಸಲ ಓದಿದಳು. "ಕ್ವಾರ್ಟರ್‌ಬ್ಯಾಕ್? ಯು?" ಎಂದು ನನ್ನ ಕಡೆ ತಿರುಗಿದಳು. "ಅಪ್ಪಾ, ಯು ವರ್ ಟ್ರೈಯಿಂಗ್ ಟು ಲೂಸ್."

"ದರಿದ್ರ ಟೀಮು!" ಎಂದು ನಾನು ಟಿವಿಯ ಮೇಲೆ ಹರಿಹಾಯ್ದೆ. "ವರ್ಷವಿಡೀ ಸೋಲ್ತಾರೆ, ನಾನು ಸೋಲ್ಬೇಕು ಅಂದ ದಿನ ಗೆಲ್ಲಿಸ್ತಾರೆ!"

ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. "ದೆನ್ ಜಸ್ಟ್ ಸೇ ಇಟ್, ಅಪ್ಪಾ," ಎಂದಳು.

ಹಿಂದೆ ಅವಿತುಕೊಳ್ಳಲು ಅಮ್ಮನ ಹಾಗೆ ನನಗೆ ಇನ್ನು ಯಾವ ಹೂವೂ ಉಳಿದಿರಲಿಲ್ಲ. "ಹೋಗು ಕಂದಾ," ಎಂದೆ. "ಆಸ್ಟಿನ್‌ಗೇ ಹೋಗು. ನೀನಿಲ್ದೆ ನಂಗೆ ಕಷ್ಟ ಆಗತ್ತೆ. ಆದ್ರೂ ಹೋಗು." ಗೆಳೆಯನ ಮುಂದೆಯೇ ಅತ್ತೇಬಿಟ್ಟೆ.

ಅವಳು ಬಂದು ಸೋಫಾದ ತನ್ನ ತುದಿಯಲ್ಲಿ ಕೂತಳು. ನನ್ನ ಚೀಟಿಯನ್ನು ಖಾಲಿ ಬದಿಗೆ ಮಗುಚಿ, ಪೆನ್ನಿನ ಜೊತೆ ನನ್ನ ಕೈಗಿಟ್ಟಳು.

"ನಾಳೆ ಎರಡನೇ ರೌಂಡ್," ಎಂದಳು, ಕನ್ನಡದಲ್ಲೇ. "ಈ ಸಲ ನಿಜ ಬರಿ, ಅಪ್ಪಾ."